ನಾಲ್ಕನೇ ಜ್ವರದ ಹುಳ ಮತ್ತು ಚಿಕ್ಕಮ್ಮನ ಎದೆ

ನೋವಿನ ಮುಲಾಮು ಹಿಡಿದು ಹೋದ ನನ್ನನ್ನು ಚಿಕ್ಕಮ್ಮ ಬಾಗಿಲಲ್ಲೇ ತಡೆದು ನಿಲ್ಲಿಸಿಬಿಟ್ಟಳು.

"ಒರೇಯ್, ಆಚೆ ಬಿಸಾಕೋ ಅದನ್ನ! ಆ ವಾಸನೆಗೆ ಹುಳ ಸೊಪ್ಪು ಬಿಟ್ರೆ ನೀನು ಬಂದು ಗೂಡು ಕಟ್ತೀಯೇನಪ್ಪ?"

ಶಿಡ್ಲಘಟ್ಟದ ಪಕ್ಕದ ಊರು. ಚಿಕ್ಕಮ್ಮನ ರೇಷ್ಮೆಹುಳುಗಳು ಆಗಷ್ಟೇ ನಾಲ್ಕನೇ ಜ್ವರ ಎದ್ದಿದ್ದವು. (ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ನಾಲ್ಕನೆಯದು ಮುಗಿದರೆ ಅವಕ್ಕೆ ಬಕಾಸುರನ ಹಸಿವು.) ಸೆಂಟು, ಊದುಬತ್ತಿ, ಹೊರಗಿನ ಜನ, ಯಾವುದೂ ಹುಳದ ಮನೆಯೊಳಕ್ಕೆ ಹೋಗುವಂತಿಲ್ಲ. ಹಾಗಾಗಿ ಚಿಕ್ಕಮ್ಮ ಎಡಭುಜದ ನೋವನ್ನು ಮುಲಾಮಿಲ್ಲದೆ ನುಂಗಿಕೊಂಡಿದ್ದಳು. "ಸೊಪ್ಪಿನ ಹೊರೆ ಹೊತ್ತಿದ್ದಕ್ಕೆ ಕಣೋ" ಎನ್ನುವುದು ಅವಳದೇ ಡಯಾಗ್ನೋಸಿಸ್.

ನಾನೂ ನಂಬಿದೆ. ನೀವಾಗಿದ್ದರೆ ನಂಬುತ್ತಿರಲಿಲ್ಲವೇ?

ಅಷ್ಟರಲ್ಲಿ ಆಶಾ ಕಾರ್ಯಕರ್ತೆ ಸುನಂದಾ ಬಂದಳು. ಕೈಯಲ್ಲಿ ಅಂಗೈಯಗಲದ ಪೆಟ್ಟಿಗೆ, ಒಂದಷ್ಟು ವೈರು, ಒಂದು ಮೊಬೈಲು. ಇಸಿಜಿಯಂತೆ! ಪೆಟ್ಟಿಗೆ ಎದೆಬಡಿತದ ಗೆರೆ ಹಿಡಿಯುತ್ತದೆ, ಫೋನಿನೊಳಗಿನ ಎಐ ಅದನ್ನು ಓದುತ್ತದೆ. ಕೃತಕ ಬುದ್ಧಿಮತ್ತೆ ಸ್ವಾಮಿ, ನಮ್ಮ ಜಗಲಿಯ ಚಾಪೆಯ ಮೇಲೆ! ಖುಷಿ ತಡೆಯಲಾರದೆ ಮೊದಲು ನಾನೇ ಮಲಗಿದೆ. ಹಸಿರು ಗುರುತು ಬಂತು.

"ಬೇಗ ಮುಗಿಸಮ್ಮ, ಸೊಪ್ಪು ಹಾಕ್ಬೇಕು" ಎಂದು ಗೊಣಗುತ್ತಲೇ ಚಿಕ್ಕಮ್ಮ ಮಲಗಿದಳು.

ಕೆಂಪು.

ಸುನಂದಾಳ ಮುಖದ ನಗು ಆರಿತು. ಗೆರೆಗಳನ್ನು, ಜೊತೆಗೆ ಭುಜದ ನೋವಿನ ವಿಷಯವನ್ನೂ ಜಿಲ್ಲಾಸ್ಪತ್ರೆಯ ಡಾಕ್ಟರಿಗೆ ಕಳಿಸಿದಳು. ಅವರು ತಿರುಗಿ ಫೋನು ಮಾಡಿ, "ಭುಜನೂ ನೋಯುತ್ತಾ? ತಡ ಮಾಡ್ಬೇಡಿ, ಈಗಲೇ ಚಿಕ್ಕಬಳ್ಳಾಪುರಕ್ಕೆ ಕರ್ಕೊಂಡು ಬನ್ನಿ" ಎಂದರು.

"ಈಗಲೇನಾ?" ಚಿಕ್ಕಮ್ಮ ಎದ್ದು ಕೂತಳು. "ನಾಲ್ಕನೇ ಜ್ವರ ಎದ್ದಿರೋ ಹುಳ ಬಿಟ್ಟು ಯಾರಾದ್ರೂ ಹೊಸಲು ದಾಟ್ತಾರಾ? ಹುಳ ಗೂಡು ಕಟ್ಲಿ, ಬರ್ತೀನಿ. ಅಲ್ಲಾ, ನನ್ನೆದೆ ನಂಗೇ ಗೊತ್ತಿಲ್ಲ, ಫೋನಿಗೆ ಹೆಂಗೆ ಗೊತ್ತು?"

ಬೇಡಿಕೊಂಡೆ. ರೇಗಿದೆ. ಅವಳು ಸೊಪ್ಪಿನ ಬುಟ್ಟಿ ಎತ್ತಿಕೊಂಡಳು!

ಸುನಂದಾ ಮಾತ್ರ ದನಿ ಏರಿಸಲಿಲ್ಲ. "ಅಕ್ಕ, ಹೋದ ಬೆಳೇಲಿ ಪಕ್ಕದ ಮನೆಯೋರ ಹುಳ ನೋಡಿ ಕಾಯಿಲೆ ಬಂದೈತೆ ಅಂದ್ಯಲ್ಲ. ಆಗಿನ್ನೂ ಅವು ಚೆನ್ನಾಗೇ ಮೇಯ್ತಿದ್ವು. ನಿಂಗೆ ಹೆಂಗೆ ಗೊತ್ತಾಯ್ತು?"

"ಗೊತ್ತಾಗ್ದೇ ಏನಮ್ಮ? ಮದುವೆಯಾಗಿ ಬಂದಾಗಿಂದ ನೋಡ್ತಿದೀನಿ. ತಲೆ ಎತ್ತೋದ್ರಲ್ಲೇ ಗೊತ್ತಾಗುತ್ತೆ."

"ಅವರು ನಂಬಿದ್ರಾ?"

"ಎಲ್ಲಿ ನಂಬಿದ್ರು! ಮೂರೇ ದಿನ. ಅಷ್ಟೂ ಹುಳ ಸತ್ವು, ಗುಂಡಿ ತೋಡಿ ಸುರಿದ್ರು."

"ಇದೂ ನಿನ್ನಂಗೇ ಅಕ್ಕ. ಎಷ್ಟೋ ಜನದ ಎದೆಗೆರೆ ನೋಡಿ ನೋಡಿ ಪಳಗೈತೆ. ಇದು ತಪ್ಪಿದ್ರೂ ತಪ್ಪಬಹುದು. ಆದ್ರೆ ಡಾಕ್ಟರೂ ಅದನ್ನೇ ಹೇಳ್ತಾವ್ರಲ್ಲ?"

ಚಿಕ್ಕಮ್ಮ ಬುಟ್ಟಿ ಇಳಿಸಿದಳು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಇವನು ಸೊಪ್ಪು ಹಾಕ್ತಾನಾ? ಬದುಕಿದ್ವು ನನ್ನ ಹುಳ!"

ತೋಟದಿಂದ ಓಡಿಬಂದ ಚಿಕ್ಕಪ್ಪ ಮತ್ತು ಸುನಂದಾ ಅವಳನ್ನು ಕರೆದೊಯ್ದರು. ರಕ್ತನಾಳವೊಂದು ಮುಕ್ಕಾಲು ಮುಚ್ಚಿತ್ತಂತೆ. ಸ್ಟೆಂಟ್ ಹಾಕಿದರು. ಅಟ್ಯಾಕ್ ಇನ್ನೂ ಆಗಿರಲಿಲ್ಲ. ಆಗಿರಲಿಲ್ಲ! ಈ ಒಂದು ಮಾತನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ.

ಎದೆ ನೋವನ್ನು ಗ್ಯಾಸು ಅಂದುಕೊಂಡು ಸೋಡಾ ಕುಡಿದು ಮಲಗಿದ ಎಷ್ಟು ಜನರನ್ನು ನಾವು ಕಳೆದುಕೊಂಡಿಲ್ಲ? ಹೃದಯದ ಡಾಕ್ಟರು ಅಂಬಾಜಿದುರ್ಗದ ಬುಡದ ಹಳ್ಳಿಗೋ, ಗೌರಿಬಿದನೂರಿನಾಚೆಯ ಗಡಿಯ ಊರಿಗೋ ದಿನಾ ಬರಲಾದೀತೇ? ಪೆಟ್ಟಿಗೆ ಬರುತ್ತದೆ. ಅದನ್ನು ಹೊತ್ತು ತರಲು ಸುನಂದಾ ಇರಬೇಕು, ಅಷ್ಟೇ. (ನನ್ನ ರೇಗಾಟಕ್ಕೆ ಇಳಿಯದ ಬುಟ್ಟಿ ಅವಳ ಮಾತಿಗೆ ಇಳಿಯಿತಲ್ಲ!)

ಇತ್ತ ನಾನು ಕಾಲು ತೊಳೆದು, ಸೆಂಟು ಬಿಟ್ಟು, ಹುಳಕ್ಕೆ ಸೊಪ್ಪು ಹಾಕಿದೆ. ಮೂರನೇ ದಿನ ಬೆಳಿಗ್ಗೆ ವಿಡಿಯೋ ಕಾಲ್ ಬಂತು. ಆಸ್ಪತ್ರೆಯ ದಿಂಬಿಗೊರಗಿ ಚಿಕ್ಕಮ್ಮ!

"ಹುಳದ ತಟ್ಟೆ ತೋರ್ಸೋ. ಹತ್ರ ಹಿಡಿ. ಇನ್ನೂ ಹತ್ರ. ಹಾಂ, ಆ ಮೂಲೇಲಿ ಒಂದು ಮಂಕಾಗೈತೆ ನೋಡು. ತೆಗ್ದುಹಾಕು, ಕಾಯಿಲೆ ಬೀಳುತ್ತೆ ಅದು."

ನನ್ನ ಕಣ್ಣಿಗೆ ಎಲ್ಲವೂ ಒಂದೇ ಥರ ಕಂಡವು. ತೆಗೆದುಹಾಕಿದೆ.

ಅಲ್ಲಾ, "ಫೋನಿಗೆ ಹೆಂಗೆ ಗೊತ್ತು" ಅಂದಿದ್ದವಳು ಇವಳೇ ತಾನೇ?