ಟೆಂಡರ್ ದಿನದ ಬೆಳಗಿನ ಬ್ಯಾಕಪ್

ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ನಾನು ಕಂಪ್ಯೂಟರಿನ ಮುಂದೆ ಕೂರುವವಳು. ರೈತರು ತಂದ ಚೀಲಗಳಿಗೆ ಲಾಟ್ ನಂಬರು ಕೊಟ್ಟು ಹನ್ನೆರಡರೊಳಗೆ ಟೆಂಡರಿಗೆ ಸೇರಿಸಬೇಕು. ತಪ್ಪಿದರೆ ಮುಂದಿನ ಟೆಂಡರಿಗೆ ಬನ್ನಿ ಅಂತಲೇ ಅರ್ಥ. ಆ ಕಂಪ್ಯೂಟರು ಟೆಂಡರ್ ದಿನವೂ ಬೆಳಿಗ್ಗೆ ತೆವಳುತ್ತಿತ್ತು. ನನ್ನ ತಪ್ಪಲ್ಲವೆಂದರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಆಡಿಕೊಳ್ಳುತ್ತಿದ್ದರು. ನೆಲ ನಿಜವಾಗಿಯೂ ಡೊಂಕಾಗಿತ್ತು!

ಕೊಬ್ಬರಿಯೆಂದರೆ ಎಣ್ಣೆಯ ಪದಾರ್ಥ, ಒಂದು ಕಿಡಿ ಬಿದ್ದರೆ ಗೋದಾಮೇ ಹೋಯಿತು. ಅದಕ್ಕೇ ನಮ್ಮ ಮಂಡಿಯಲ್ಲಿ ಸಂಜೆ ಬಾಗಿಲು ಹಾಕುವಾಗ ಮೇನ್ ಸ್ವಿಚ್ಚನ್ನೇ ಆರಿಸುತ್ತಾರೆ. ಸರಿಯೇ. ಆದರೆ ಬಾಗಿಲು ಹಾಕಿದ ಮೇಲೆ ನಡೆಯಲೆಂದು ಇಟ್ಟಿದ್ದ ಬ್ಯಾಕಪ್ಪು ಕರೆಂಟಿಲ್ಲದೆ ತಪ್ಪಿಹೋಗಿ, ಬೆಳಿಗ್ಗೆ ಸ್ವಿಚ್ ಒತ್ತಿದ ಕೂಡಲೇ ಶುರುವಾಗುತ್ತಿತ್ತು. ಅದೂ ಹೊಸದಾಗಿ ಸೇರಿದಷ್ಟನ್ನಲ್ಲ, ಮಂಡಿಗೆ ಕಂಪ್ಯೂಟರ್ ಬಂದ ದಿನದಿಂದ ಬರೆದದ್ದನ್ನೆಲ್ಲ ಮತ್ತೆ ನಕಲು ಮಾಡುತ್ತಿತ್ತು. ಡಿಸ್ಕು ಹಳೆಯದನ್ನು ಓದುವುದರಲ್ಲೇ ಮುಳುಗಿದ್ದರೆ ನನ್ನ ಲಾಟನ್ನು ಬರೆದುಕೊಳ್ಳುವುದು ಯಾವಾಗ?

ಮಂಡಿಯ ಸಾಹುಕಾರರಿಗೆ ಹೇಳಿದೆ. ಹಿಂದೊಮ್ಮೆ ಡಿಸ್ಕ್ ಕೆಟ್ಟಾಗ ಪೂರ್ತಿ ನಕಲಿದ್ದದ್ದಕ್ಕೆ ಅರ್ಧ ದಿನದಲ್ಲಿ ಎಲ್ಲ ವಾಪಸ್ ಬಂದಿತ್ತಂತೆ, ತುಂಡು ನಕಲುಗಳಾದರೆ ಜೋಡಿಸುವುದೇ ಒಂದು ದಿನವಂತೆ. ಎಂದೋ ಒಂದು ಅರ್ಧ ದಿನ ಉಳಿಸಲು ವಾರವಾರವೂ ಜನರ ಬೆಳಗು ಹಾಳು ಮಾಡುವುದು ಯಾವ ಜಾಣತನ? ಮಧ್ಯಾಹ್ನದ ಮೇಲಾದರೂ ನಡೆಸೋಣವೆಂದೆ. "ನಡೀತಿರೋದನ್ನ ಮುಟ್ಬ್ಯಾಡ ಕಣಮ್ಮ" ಎಂದರು. ನನಗೆ ಮೈ ಉರಿಯಿತು. ವಾಪಸ್ ಬಂದು ಕಂಪ್ಯೂಟರಿನ ಮುಂದೆ ಕೂತೆ.

ಮಳೆಗಾಲದ ಒಂದು ಟೆಂಡರ್ ದಿನ ದಂಡಿನಶಿವರದ ಕಡೆಯ ಹೆಂಗಸೊಬ್ಬರು ಒಂಬತ್ತಕ್ಕೇ ಆರು ಚೀಲ ತಂದು ಇಳಿಸಿದರು. ಅವರ ಲಾಟ್ ಒಳಗೆ ಹೋಗುವಷ್ಟರಲ್ಲಿ ಹನ್ನೆರಡು ಹತ್ತು. ಟೆಂಡರ್ ಮುಚ್ಚಿತ್ತು. ಬ್ಯಾಕಪ್ ನಡೆಯುತ್ತಿತ್ತು ಎಂದು ವಿವರಿಸಿದೆ. ಅವರು ಕೂಗಾಡಲಿಲ್ಲ.

"ಹನ್ನೊಂದು ತಿಂಗ್ಳು ಅಟ್ಟದ ಮ್ಯಾಲೆ ಕಾಯಿ ಮಡಗಿ ಕೊಬ್ರಿ ಆಗ್ಲಿ ಅಂತ ಕಾದಿವ್ನಿ. ನಿಮ್ ಕಂಪ್ಯೂಟ್ರಿಗೆ ಮದ್ಯಾನದ ಗಂಟ ಕಾಯಕ್ಕಾಗಲ್ವಾ ತಾಯಿ?"

ಗೋದಾಮಿನಲ್ಲಿ ಜಾಗವಿರಲಿಲ್ಲ. ಚೀಲಗಳು ಲಗೇಜ್ ಆಟೋದಲ್ಲಿ ವಾಪಸ್ ಹೋದವು, ದಾರಿಯಲ್ಲೇ ಮಳೆ ಹಿಡಿಯಿತು.

ಮುಂದಿನ ಟೆಂಡರ್ ದಿನ ಯಾರನ್ನೂ ಕೇಳದೆ ಬ್ಯಾಕಪ್ ನಿಲ್ಲಿಸಿದೆ. ಟೆಂಡರ್ ಮುಗಿದ ಮೇಲೆ, ಮೂರು ಗಂಟೆಗೆ ಮತ್ತೆ ಶುರು ಮಾಡಿದೆ. ಒಂದು ಗುಂಡಿ ಒತ್ತುವ ಕೆಲಸ. ಸಾಹುಕಾರರಿಗೆ ಗೊತ್ತೂ ಆಗಲಿಲ್ಲ. ಆ ಹೆಂಗಸಿನ ಲಾಟ್ ಒಂಬತ್ತೂಕಾಲಿಗೆಲ್ಲ ಸೇರಿತ್ತು. ಆದರೆ ನೆನೆದ ಕೊಬ್ಬರಿಗೆ ಬೂಸ್ಟು ಹಿಡಿದಿತ್ತು, ಖರೀದಿದಾರರು ಮೂಸಿ ನೋಡಿ ಕೆಳಗಿನ ದರ್ಜೆಗೆ ಹಾಕಿದರು.

ಚೀಟಿ ಮಡಚಿಕೊಳ್ಳುತ್ತಾ ಅವರು ಹೇಳಿದರು: "ಇವತ್ತು ನಿಮ್ ಕಂಪ್ಯೂಟ್ರು ಚೆಂದಾಗೈತೆ ಕಣವ್ವ. ನನ್ ಕೊಬ್ರೀನೇ ಕೆಟ್ಟೋಯ್ತು."

ಅದು ಆವತ್ತೂ ಚೆನ್ನಾಗಿಯೇ ಇತ್ತು, ಗುಂಡಿ ಒತ್ತದೆ ಕೂತವಳು ನಾನೇ ಎಂದು ಅವರಿಗೆ ಹೇಳಲು ನನ್ನಿಂದಾಗಲಿಲ್ಲ.