ಅಪ್ಪನ ಗಾಡಿಗೆ ಭಾವ ಕೊಟ್ಟ ವೇಗ

ನಮ್ಮ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ತಿಳಿಯದ ಯಂತ್ರ ಈ ಭೂಮಿಯ ಮೇಲಿರಲಿಲ್ಲ. ಮಲ್ಲಂದೂರಿನ ಅವರ ತೋಟದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಕೆಟ್ಟರೆ ಮೆಕ್ಯಾನಿಕ್ ಬರುವ ಮೊದಲೇ ಅದನ್ನು ಬಿಚ್ಚಿ ಹರಡಿರುತ್ತಿದ್ದರು. ಮೆಕ್ಯಾನಿಕ್ ಬಂದು, ತಾನಾಗಿ ಕೆಟ್ಟದ್ದನ್ನೂ ಭಾವ ಕೆಡಿಸಿದ್ದನ್ನೂ ಒಟ್ಟಿಗೆ ಸರಿಮಾಡಿ ಹೋಗುತ್ತಿದ್ದ. ಹೊಗಳಿಕೆ ಮಾತ್ರ ಭಾವನಿಗೆ. ನಾನು ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ಮಕ್ಕಳಿಗೆ ಕಂಪ್ಯೂಟರ್ ಪಾಠ ಮಾಡುತ್ತಿದ್ದೆ. ಆದರೂ ವಸ್ತಾರೆ ಹತ್ತಿರದ ನಮ್ಮ ಮನೆಯ ಲ್ಯಾಪ್‌ಟಾಪ್‌ಗೆ ಏನಾದರೂ ಆದರೆ ಅಮ್ಮ ಫೋನ್ ಮಾಡುತ್ತಿದ್ದುದು ಅವರಿಗೆ. ನಾನು ಬರೀ ಪಾಠ ಮಾಡುವವಳು, ಅವರು ತಿಳಿದವರು.

ಎರಡು ಸಾವಿರದ ದಶಕದ ಕೊನೆಯ ವರ್ಷಗಳವು. ಲ್ಯಾಪ್‌ಟಾಪ್ ಬಂದಿದ್ದು ತೋಟದ ಲೆಕ್ಕಕ್ಕೆ. ಲೆಕ್ಕ ಬರೆಯುವ ರೈಟರ್ ಅದನ್ನು ಮುಟ್ಟಲು ಒಪ್ಪದ ಕಾರಣ ಅದು ಪೆಟ್ಟಿಗೆಯಲ್ಲೇ ಇತ್ತು. ಅಪ್ಪನಿಗೆ ಹಿಂದಿನ ವರ್ಷ ಲಕ್ವ ಹೊಡೆದಿತ್ತು. ಮಾತು ಮರಳಿತು, ನಡಿಗೆ ಮರಳಿತು. ಬಲಗೈ ಮಾತ್ರ ಹೇಳಿದ್ದನ್ನು ಸ್ವಲ್ಪ ತಡವಾಗಿ ಕೇಳುತ್ತಿತ್ತು. ಇನ್ನು ಜೀಪು ಮುಟ್ಟಬೇಡಿ ಎಂದರು ಡಾಕ್ಟರು. ಅಮ್ಮ ಜೀಪಿನ ಕೀಲಿಯನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟರು. ಪ್ರಾಯದಲ್ಲಿ ಪ್ಲಾಂಟರುಗಳ ರ‍್ಯಾಲಿಯಲ್ಲಿ ಜೀಪು ಓಡಿಸಿದ್ದ ಮನುಷ್ಯ, ಮೂಡಿಗೆರೆಯಿಂದ ಕಳಸದವರೆಗಿನ ಒಂದೊಂದು ತಿರುವನ್ನೂ ಕಣ್ಣು ಮುಚ್ಚಿ ಹೇಳಬಲ್ಲವರು, ಜಗಲಿಯ ಕುರ್ಚಿಯಲ್ಲಿ ಕೂತು ಎದುರಿನ ಗೋಡೆ ನೋಡತೊಡಗಿದರು. ಊಟಕ್ಕೆ ಕರೆದರೂ ಕಿವಿಗೆ ಬೀಳುತ್ತಿರಲಿಲ್ಲ. ಇವರು ಹೀಗೇ ಒಳಗೊಳಗೇ ಮುಗಿದುಹೋಗುತ್ತಾರೇನೋ ಎಂದು ಅಮ್ಮನಿಗೆ ಭಯ. ನನಗೂ.

ಒಂದು ಶನಿವಾರ ಬಸ್ಸಿಳಿದು ಮನೆಗೆ ಬಂದವಳೇ ಆ ಲ್ಯಾಪ್‌ಟಾಪ್ ಹೊರತೆಗೆದು ಹಳೆಯ ಕಾರ್ ರೇಸಿನ ಆಟವೊಂದನ್ನು ಹಾಕಿಕೊಟ್ಟೆ. ಘಾಟಿ ರಸ್ತೆ, ಕೆಸರು, ಪ್ರಪಾತ, ಜೊತೆಯಲ್ಲಿ ಓಡುವ ಬೇರೆ ಕಾರುಗಳು. ಮುಂದಿನ ಶನಿವಾರ ಬರುವಷ್ಟರಲ್ಲಿ ಅಪ್ಪ ಇಡೀ ರಸ್ತೆಯನ್ನು ಬೀಳದೆ ದಾಟಿದ್ದರು, ಎರಡು ಕಾರುಗಳನ್ನು ಹಿಂದೆ ಹಾಕಿದ್ದರು. "ಆ ಮೂರ್ನೇ ತಿರುವು ಥೇಟ್ ಕಳಸದ ದಾರಿದೇ ಕಣೆ, ಒಳಗಿಂದ ಹಿಡಿಬೇಕು" ಎಂದು ನನಗೆ ಕೈಯಾಡಿಸಿ ತೋರಿಸಿದರು. ಆ ದಿನ ಸಾರಿಗೆ ಉಪ್ಪಿಲ್ಲವೆಂದು ಅಮ್ಮನನ್ನು ಬೈದರು ಕೂಡ. ಬೈಸಿಕೊಂಡ ಅಮ್ಮ ಅಡುಗೆಮನೆಯಲ್ಲಿ ನಿಂತು ಖುಷಿಯಿಂದ ಕಣ್ಣೊರೆಸಿಕೊಂಡರು.

ಅಮ್ಮನ ಒಂದು ವ್ಯವಸ್ಥೆಯನ್ನು ಇಲ್ಲಿ ಹೇಳಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಬೂಸ್ಟು ಹಿಡಿಯದಿರಲೆಂದು ಬೀರುವಿನೊಳಗೆ ಒಂದು ಬಲ್ಬು ಉರಿಸಿಡುತ್ತಾರೆ. ರೇಷ್ಮೆ ಸೀರೆ, ಕ್ಯಾಮೆರಾ, ಅಪ್ಪನ ಚರ್ಮದ ಬೂಟು, ಎಲ್ಲಕ್ಕೂ ಅದೇ ಕಾವು. ಪೆಟ್ಟಿಗೆಯಿಂದ ಹೊರಬಂದ ದಿನವೇ ಲ್ಯಾಪ್‌ಟಾಪೂ ಅಲ್ಲೇ ಸೇರಿತು. ಹೊರಗೆ ತಂದರೆ ಶೀತ ಹೊಡೆಯುತ್ತದೆಂದು ಅಮ್ಮ ಅದನ್ನು ಆಚೆಗೇ ಬಿಡಲಿಲ್ಲ. ಹಾಗಾಗಿ ಅಪ್ಪ ಬೀರುವಿನ ಬಾಗಿಲು ತೆರೆದು, ಮುಂದೆ ಕುರ್ಚಿ ಹಾಕಿಕೊಂಡು, ಮೇಲೆ ಸೀರೆಗಳ ಸಾಲು, ಕೆಳಗೆ ಉರಿಯುವ ಬಲ್ಬು, ನಡುವಿನ ಹಲಗೆಯ ಮೇಲೆ ಕಾರು ಓಡಿಸುತ್ತಿದ್ದರು. ನೋಡಿದವರು ಪೂಜೆ ಎಂದುಕೊಳ್ಳಬೇಕು.

ಆಷಾಢದಲ್ಲಿ ಒಂದು ಭಾನುವಾರ ಅಕ್ಕನನ್ನು ಬಿಡಲು ಬಂದ ಭಾವ ಇದನ್ನು ಕಂಡರು. ಅಪ್ಪ ದೂರು ಹೇಳಿರಲಿಲ್ಲ, ಯಾರೂ ಅವರನ್ನು ಕೇಳಿರಲಿಲ್ಲ. ಭಾವನಿಗೆ ಕೇಳಿಸಿಕೊಳ್ಳುವ ಅಭ್ಯಾಸವೂ ಇರಲಿಲ್ಲ ಬಿಡಿ.

"ಇದೇನ್ ಮಾವ, ಗಾಡಿ ಹೋಗ್ತಾ ಇದ್ಯೋ ನಿಂತಿದ್ಯೋ? ನಿಮ್ಮಂಥ ಡ್ರೈವರ್‌ಗೆ ಇಂಥದ್ದಾ?"

ಅಪ್ಪ ತಲೆ ತಗ್ಗಿಸಿದರು. ಆಟ ನಿಧಾನವೆಂದು ಅವರಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಭಾವ ಸೆಟ್ಟಿಂಗಿನೊಳಗೆ ಹೊಕ್ಕು, ಪ್ರೊಸೆಸರ್ ಎಷ್ಟು ದುಡಿಯಬೇಕೆಂಬ ಮಿತಿಯನ್ನು, ಕನಿಷ್ಠ ಗರಿಷ್ಠ ಎರಡನ್ನೂ, ನೂರಕ್ಕೆ ಏರಿಸಿದರು.

"ಅದು ಮೊದ್ಲೇ ಕಾದಿದೆ ಭಾವ. ಕಾದ್ರೆ ಪ್ರೊಸೆಸರ್ ತಾನೇ ವೇಗ ಇಳಿಸ್ಕೊಳತ್ತೆ. ಮೊದ್ಲು ಬಲ್ಬು ತೆಗೀಬೇಕು" ಎಂದೆ.

"ಪ್ರೊಸೆಸರ್ ಅಂದ್ರೆ ಎಂಜಿನ್ ಮಾರಾಯ್ತಿ. ಕಾದ್ರೇನೇ ಎಂಜಿನ್ ಎಳೆಯೋದು" ಎಂದರು. ಕಾರ್ಬ್ಯುರೇಟರ್ ಬಿಚ್ಚಲು ಕಲಿತವನಿಗೆ ಜಗತ್ತಿನಲ್ಲಿ ಕಾಣುವುದೆಲ್ಲ ಕಾರ್ಬ್ಯುರೇಟರೇ. ಲ್ಯಾಪ್‌ಟಾಪಿನ ಫ್ಯಾನು ಕಿರುಚಿ ಕಿರುಚಿ ಕೊನೆಗೆ ಎಲ್ಲ ಆರಿಹೋಯಿತು. "ವೋಲ್ಟೇಜ್ ಇಲ್ಲ" ಎಂದು ತೀರ್ಪು ಕೊಟ್ಟು ಕೋಳಿ ಸಾರು ಉಂಡು ಹೋದರು.

ಭಾವ ಮತ್ತೆ ಬಂದ ದಿನ ಬೀರುವಿನ ಬಲ್ಬು ಬೆಳಗ್ಗೆಯಷ್ಟೇ ಸುಟ್ಟುಹೋಗಿತ್ತು. ಹೊಸದು ತರಲು ಇನ್ನೂ ಯಾರೂ ಅಂಗಡಿಗೆ ಹೋಗಿರಲಿಲ್ಲ. ಲ್ಯಾಪ್‌ಟಾಪ್ ತಣ್ಣಗಿತ್ತು, ಮಿತಿ ನೂರರಲ್ಲಿತ್ತು, ಆಟ ಕಿತ್ತುಕೊಂಡು ಓಡಿತು. ಭಾವನ ಮುಖ ನೋಡಬೇಕಿತ್ತು. ಪ್ರೊಸೆಸರನ್ನು ಸ್ವತಃ ಹೆತ್ತವರಂತೆ ಕೂತಿದ್ದರು. "ಈಗ ಬಿಡಿ ಮಾವ, ಈಗ ಬಿಡಿ."

ಅಪ್ಪ ಮೊದಲ ತಿರುವಿನಲ್ಲೇ ಪ್ರಪಾತಕ್ಕೆ ಬಿದ್ದರು. ಮತ್ತೆ ಹೊರಟರು, ಮತ್ತೆ ಅಲ್ಲೇ ಬಿದ್ದರು. ಕಣ್ಣು ತಿರುವನ್ನು ಕಂಡಿತ್ತು, ಬಾಯಿ "ಈಗ" ಎಂದಿತ್ತು, ಬೆರಳು ಕೀಬೋರ್ಡಿನ ಗುಂಡಿ ಒತ್ತುವಷ್ಟರಲ್ಲಿ ಕಾರು ಗಾಳಿಯಲ್ಲಿತ್ತು. ಕಳಸದ ದಾರಿಯಂತಿದ್ದ ಮೂರನೆಯ ತಿರುವಿನ ತನಕ ಅವರು ತಲುಪಲೇ ಇಲ್ಲ.

"ಪ್ರಾಕ್ಟೀಸ್ ಬೇಕು ಮಾವ, ಅಷ್ಟೇ" ಎಂದು ಭಾವ ನಕ್ಕರು. ಅಪ್ಪ ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿ ಜಗಲಿಯ ಕುರ್ಚಿಗೆ ಹೋಗಿ ಗೋಡೆಯ ಮುಂದೆ ಕೂತರು. ಆ ಕ್ಷಣ ನನಗೆ ಭಾವನ ಮೇಲೆ ಬಂದ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ.

ಅಂಥ ಹಳೆಯ ಆಟಗಳಲ್ಲಿ ಪ್ರೊಸೆಸರ್ ಸೋತರೆ ಚಿತ್ರ ಮಾತ್ರ ತಡವರಿಸುವುದಲ್ಲ, ಆಟದೊಳಗಿನ ಕಾಲವೇ ನಿಧಾನವಾಗುತ್ತದೆ. ಅಪ್ಪನ ಕಾರೂ ನಿಧಾನ, ಉಳಿದ ಕಾರುಗಳೂ ನಿಧಾನ. ಅಮ್ಮನ ಬಲ್ಬು ಅಪ್ಪನ ಕೈಗೆ ಸರಿಹೊಂದುವ ರಸ್ತೆಯೊಂದನ್ನು ತನಗೇ ತಿಳಿಯದೆ ಮಾಡಿಕೊಟ್ಟಿತ್ತು. ತಿಳಿದವರು ಬಂದು ಅದನ್ನು ರಿಪೇರಿ ಮಾಡಿದ್ದರು. ಮುಂದಿನ ಎರಡು ಶನಿವಾರ ನಾನು ಬಂದಾಗಲೂ ಅಪ್ಪ ಕುರ್ಚಿಯಲ್ಲೇ ಇದ್ದರು. ಸಾರಿಗೆ ಉಪ್ಪಿದೆಯೋ ಇಲ್ಲವೋ ಯಾರೂ ಹೇಳುತ್ತಿಲ್ಲ ಎಂದರು ಅಮ್ಮ.

ಮಳೆ ಕಡಿಮೆಯಾಗಿತ್ತು. ಲ್ಯಾಪ್‌ಟಾಪನ್ನು ಬೀರುವಿನಿಂದ ಮೇಜಿಗೆ ತಂದು, ಪ್ರೊಸೆಸರಿನ ಗರಿಷ್ಠ ಮಿತಿಯನ್ನು ಐವತ್ತಕ್ಕೆ ಇಳಿಸಿದೆ. ಅಪ್ಪನನ್ನು ಕರೆದು ಕೂರಿಸಿದೆ. ಬೇಡ ಬೇಡವೆನ್ನುತ್ತಲೇ ಶುರುಮಾಡಿದವರು ಮೊದಲ ತಿರುವು ದಾಟಿದರು, ಎರಡನೆಯದು ದಾಟಿದರು. ಮೂರನೆಯದನ್ನು ಒಳಗಿನಿಂದ ಹಿಡಿದರು. ನನ್ನ ಕಡೆ ತಿರುಗಿದರು.

"ಏನ್ ಮಾಡ್ದೆ?"

"ಸ್ವಲ್ಪ ಕಮ್ಮಿ ಮಾಡ್ದೆ ಅಪ್ಪ."

"ಹೂಂ" ಎಂದು ಪರದೆಗೆ ಮರಳಿದರು.

ಭಾವ ಮತ್ತೆ ಬಂದರು. ಬರದೆ ಇರುತ್ತಾರೆಯೇ? ಅಷ್ಟರಲ್ಲಿ ಅವರು ಮಾವನ ಲ್ಯಾಪ್‌ಟಾಪ್ ಸರಿಮಾಡಿದ ಕಥೆ ಪ್ಲಾಂಟರುಗಳ ಕ್ಲಬ್ಬಿನಲ್ಲೆಲ್ಲ ಹರಡಿತ್ತು. ಅಪ್ಪನ ಹಿಂದೆ ನಿಂತು ಪರದೆ ನೋಡಿ ಹುಬ್ಬು ಗಂಟಿಕ್ಕಿದರು. "ಯಾರೋ ನನ್ನ ಸೆಟ್ಟಿಂಗ್ ಕೆಡ್ಸಿದಾರೆ ಮಾವ. ಇರಿ, ಒಂದು ನಿಮಿಷ" ಎಂದು ಬಗ್ಗಿದರು.

ಅಳಿಯನಿಗೆ ಯಾವತ್ತೂ ಎದುರಾಡದ ಅಪ್ಪ ಬಲಗೈ ಎತ್ತಿದರು. ಅದು ಎಂದಿನಂತೆ ತನ್ನ ಹೊತ್ತು ತೆಗೆದುಕೊಂಡು, ಬಂದು, ಕೀಬೋರ್ಡಿನ ಮೇಲೆ ಅಡ್ಡವಾಗಿ ಕೂತಿತು. "ಬೇಡ. ಮುಟ್ಬೇಡಿ ಅದನ್ನ. ಇದು ನನ್ನ ಗಾಡಿ."

ಆ ಕೈ ಅಲ್ಲಿಗೆ ತಲುಪುವಷ್ಟರಲ್ಲಿ ಭಾವ ಏನನ್ನು ಬೇಕಾದರೂ ಒತ್ತಬಹುದಿತ್ತು. ಒತ್ತಲಿಲ್ಲ, ಕಾದರು. ಅವರ ಬಗ್ಗೆ ನಾನು ಹೇಳಬಲ್ಲ ಒಳ್ಳೆಯ ಮಾತು ಅದೊಂದೇ.