ಹೊಂಗೆ ಮರದ ಕೆಳಗಿನ ದೊರೆ

“ಎಲೈ, ಯಾರಲ್ಲಿ! ಈ ಸಭೆಯಲ್ಲಿ ನನ್ನ ಮಾತಿಗೆ ಎದುರಾಡುವ ಧೀರನಾರು?”

ಬೆಳ್ಳಂಬೆಳಿಗ್ಗೆ ನಮ್ಮ ಜೆ.ಪಿ. ನಗರದ ಪಾರ್ಕಿನಲ್ಲಿ ಹೀಗೊಂದು ಗರ್ಜನೆ ಕೇಳಿಸಿದರೆ ನೀವೇನು ಮಾಡುತ್ತೀರಿ? ನಾನಂತೂ ಎದುರಾಡಲಿಲ್ಲ. ನನಗಿನ್ನೂ ಕಾಫಿಯೇ ಆಗಿರಲಿಲ್ಲ.

ಗರ್ಜಿಸಿದ್ದು ಒಂದು ಹಳೇ ಟೇಪ್ ರೆಕಾರ್ಡರ್. ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಅದು, ಅದರ ಪಕ್ಕದಲ್ಲಿ ಬಿಳಿ ಪಂಚೆ ಉಟ್ಟ, ದಪ್ಪ ಮೀಸೆಯ ಹಿರಿಯರೊಬ್ಬರು. ಕುತ್ತಿಗೆಗೆ ಮಫ್ಲರ್. (ಏಪ್ರಿಲ್ ತಿಂಗಳಲ್ಲಿ! ಕೆಲವರಿಗೆ ಶೀತದ ಭಯ ಹುಟ್ಟಿನಿಂದಲೇ ಬಂದಿರುತ್ತದೆ ಎಂದುಕೊಂಡೆ.) ಟೇಪಿನಲ್ಲಿ ಯಾವುದೋ ಪೌರಾಣಿಕ ನಾಟಕ. ಹಾರ್ಮೋನಿಯಂ ಎಳೆಯುತ್ತದೆ, ದೊರೆ ಅಬ್ಬರಿಸುತ್ತಾನೆ, ಜನ ಸಿಳ್ಳೆ ಹೊಡೆಯುತ್ತಾರೆ. ದಿನವೂ ಅದೇ ಕ್ಯಾಸೆಟ್, ಅದೇ ದೊರೆ.

ನನಗೇನೋ ಇಷ್ಟವಾಯಿತು. ಕಾಲು ಸೋತು ಬರುವ ಹೊತ್ತಿಗೆ ಆ ದನಿ ಕಿವಿಗೆ ಬಿದ್ದರೆ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಆದರೆ ನಮ್ಮ ಯಜಮಾನರಿಗೆ ಬೇರೆಯವರ ಸದ್ದು ಕಂಡರಾಗದು. ಅವರು ಅದೇ ಪಾರ್ಕಿನ ಲಾಫಿಂಗ್ ಕ್ಲಬ್ಬಿನ ಖಾಯಂ ಸದಸ್ಯರು ಬೇರೆ.

“ಪಬ್ಲಿಕ್ ಪ್ಲೇಸ್ ಕಣೆ ಇದು. ಜನಕ್ಕೆ ಶಾಂತಿ ಬೇಡ್ವಾ?”

“ನೀವೆಲ್ಲ ಕೈ ಮೇಲೆತ್ಕೊಂಡು ಹೋ ಹೋ ಹೋ ಅಂತ ಕಿರುಚ್ತೀರಲ್ಲ, ಅದೇನ್ರೀ?”

“ಅದು ಹೆಲ್ತ್‌ಗೆ!”

ಒಂದು ದಿನ ನೇರ ಬೆಂಚಿನ ಹತ್ತಿರ ಹೋಗಿಯೇಬಿಟ್ಟರು. “ಸಾರ್, ಸ್ವಲ್ಪ ಇಯರ್‌ಫೋನ್ ಹಾಕ್ಕೊಂಡು ಕೇಳಿ. ಎಲ್ಲರಿಗೂ ಡಿಸ್ಟರ್ಬ್ ಆಗುತ್ತೆ.” ಹಿರಿಯರು ಮುಖ ನೋಡಿದರು, ನಕ್ಕರು, ರಿವೈಂಡ್ ಬಟನ್ ಒತ್ತಿದರು. ಅಷ್ಟೇ.

ಇವರು ಕೆಂಡದಂತಾಗಿ ಬಂದರು. “ಒಂದು ಮಾತಾಡಲಿಲ್ಲ ನೋಡು! ಎಷ್ಟು ಕೊಬ್ಬು! ಊರ ಜಮೀನ್ದಾರ್ರು, ನಾಲ್ಕು ಮನೆ ಬಾಡಿಗೆಗೆ ಬಿಟ್ಟಿರ್ತಾರೆ, ನಾವೆಲ್ಲ ಎಲ್ಲಿ ಲೆಕ್ಕ? ಭಾನುವಾರ ಕ್ಲಬ್ಬಿನವರೆಲ್ಲ ಒಟ್ಟಿಗೆ ಹೋಗಿ ನಿಲ್ಲಿಸ್ತೀವಿ.”

ಜಗಳ ಆದೀತು ಎಂದು ನನಗೆ ಭಯವಾಯಿತು. ಶನಿವಾರ ಹಿರಿಯರ ಜೊತೆ ಅವರ ಹೆಂಡತಿಯೂ ಬಂದಿದ್ದರು; ಆ ಬೆಂಚಿಗೇ ಹೋಗಿ ಅವರ ಪಕ್ಕ ಕೂತೆ. ಗೌರಮ್ಮ ಅಂತ ಹೆಸರು. ತುಂಬು ಕುಂಕುಮದ ನಗುಮುಖದ ಹೆಂಗಸು.

“ದಿನಾ ಇದನ್ನೇ ಕೇಳ್ತಾರಲ್ಲ, ಅಷ್ಟೊಂದು ಇಷ್ಟಾನಾ ಅಮ್ಮ?” ಎಂದೆ.

“ಇಷ್ಟ ಏನ್ ಬಂತು ಕಣವ್ವ, ಅದು ಇವರ್ದೇ ದನಿ. ನಮ್ಮೋರು ದೊರೆ ಪಾರ್ಟು ಕಟ್ಟಿದ್ರೆ ಸುತ್ತಮುತ್ತ ಹಳ್ಳಿಯೋರೆಲ್ಲ ಬರೋರು. ಈಗ ಮಾತೇ ಓಗೈತೆ. ಓದ್ ವರ್ಸ ಗಂಟ್ಲು ಆಪ್ರೇಸನ್ ಆಯ್ತಲ್ಲ.” ತಮ್ಮ ಕುತ್ತಿಗೆ ಮುಟ್ಟಿ ತೋರಿಸಿದರು. ಮಫ್ಲರ್ ಯಾಕೆಂದು ನನಗೆ ಆಗ ಗೊತ್ತಾಯಿತು.

“ಮನೇಲಿ ಕೇಳಬಹುದಲ್ಲಮ್ಮ?”

“ಮನೇಲಿ ಆಕಾಕಿಲ್ಲ. ಈ ಪಾರ್ಕು ಐತಲ್ಲ, ಇದು ಆಗ ನಮ್ಮೂರ ಕಣ ಆಗಿತ್ತು. ರಾಗಿ ಒಕ್ಕಿ ಮುಗುದ್ ಮೇಲೆ ಇಲ್ಲೇ, ಈ ಒಂಗೆ ಮರದ ಪಕ್ಕಕ್ಕೇ ಸ್ಟೇಜ್ ಆಕೋರು. ಜನ ‘ಒನ್ಸ್ ಮೋರ್’ ಅಂತ ಕೂಗುದ್ರೆ, ಸತ್ತು ಬಿದ್ದಿರೋ ಪಾರ್ಟಿನೋನೂ ಎದ್ದು ಇನ್ನೊಂದ್ ಸಲ ಮಾತು ಏಳ್ಬೇಕು. ಅದು ನಾಟ್ಕದ್ ಮರ್ಯಾದೆ. ಈಗ ಕೂಗೋರು ಯಾರವ್ರೆ? ತಾವೇ ಬಟನ್ ಒತ್ಕತಾರೆ.”

ಮನೆಗೆ ಬಂದು ಯಜಮಾನರಿಗೆ ಎಲ್ಲ ಹೇಳಿದೆ. ಕುಡಿಯುತ್ತಿದ್ದ ಕಾಫಿ ಲೋಟ ಕೆಳಗಿಟ್ಟರು.

“ಆವತ್ತೇ ಹೇಳ್ಬಾರದಿತ್ತಾ ಅವರು?”

“ಹೇಗೆ ಹೇಳ್ತಾರ್ರೀ?”

ಆದರೆ ಕ್ಲಬ್ಬಿನವರನ್ನು ತಾವೇ ಎತ್ತಿಕಟ್ಟಿದ್ದಾಗಿತ್ತು. ಈಗ ಬೇಡ ಎನ್ನಲು ಬಾಯಿ ಬರಬೇಕಲ್ಲ? ಭಾನುವಾರ ಇಡೀ ಗುಂಪು ಬೆಂಚಿನತ್ತ ಹೊರಟಿತು, ಇವರು ಎಲ್ಲರಿಗಿಂತ ಹಿಂದೆ ಕಾಲೆಳೆಯುತ್ತಾ. ನಾನು ಇವರ ಪಕ್ಕದಲ್ಲೇ ಇದ್ದೆ.

ಗುಂಪು ಹತ್ತಿರ ಬರುವುದಕ್ಕೂ ಟೇಪಿನ ದೊರೆಯ ದನಿ ಕುಗ್ಗುವುದಕ್ಕೂ ಸರಿಹೋಯಿತು. ಸೆಲ್ ಮುಗಿದಿತ್ತು. “ಎದುರಾಡುವ ಧೀ...ರ...” ಎಂದು ಎಳೆದೂ ಎಳೆದೂ, ಕೊನೆಗೆ ಎಮ್ಮೆ ಕೂಗಿದಂತಾಗಿ ನಿಂತುಹೋಯಿತು.

“ಒಳ್ಳೇದಾಯ್ತು ಬಿಡಿ, ತಾನಾಗೇ ನಿಂತೋಯ್ತು” ಅಂದರು ಕ್ಲಬ್ಬಿನವರೊಬ್ಬರು.

ಟೇಪ್ ನಿಂತಿತು, ಹಿರಿಯರು ಬಿಡಲಿಲ್ಲ. ಎದ್ದು ನಿಂತರು. ಬಲಗೈ ಮೇಲೇರಿತು, ಎಡಗೈ ಮೀಸೆಗೆ ಹೋಯಿತು. ತುಟಿ ಒಂದೊಂದು ಮಾತನ್ನೂ ಬಿಡದೆ ಹೇಳುತ್ತಿತ್ತು. ಸದ್ದಿಲ್ಲ. ಮಫ್ಲರಿನೊಳಗಿಂದ ಬರೀ ಉಸಿರು. ಆ ಮಾತು ನಮಗೆಲ್ಲ ಬಾಯಿಪಾಠವಾಗಿತ್ತಲ್ಲ, ಒಂದಕ್ಷರ ತಪ್ಪದೆ ಅರ್ಥವಾಯಿತು. ಮುಗಿಸಿ, ಕೈ ಇಳಿಸಿ, ಸುತ್ತ ನೋಡಿದರು.

“ಒನ್ಸ್ ಮೋರ್!”

ಕೂಗಿದ್ದು ಯಾರು ಅಂತೀರಿ? ನಮ್ಮ ಯಜಮಾನರು! ಲಾಫಿಂಗ್ ಕ್ಲಬ್ಬಿನಲ್ಲಿ ಇಷ್ಟು ದಿನ ಪಳಗಿಸಿದ ಗಂಟಲು ಅಂದು ಸಾರ್ಥಕವಾಯಿತು.

ಹಿರಿಯರ ಕಣ್ಣು ಅರಳಿತು. ಮಫ್ಲರ್ ಸರಿಮಾಡಿಕೊಂಡು ಎದೆ ಸೆಟೆದು ನಿಂತರು, ಕೈ ಮತ್ತೆ ಮೇಲೇರಿತು. ಈ ಸಲ ಕ್ಲಬ್ಬಿನವರೂ ಸಿಳ್ಳೆ ಹೊಡೆದರು. (ಅರವತ್ತು ದಾಟಿದವರ ಸಿಳ್ಳೆ, ಗಾಳಿಯೇ ಜಾಸ್ತಿ.) ಗೌರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನೂ ಅತ್ತೆ. ಅದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಸೋಮವಾರ ವಾಕಿಂಗಿಗೆ ಹೊರಡುವಾಗ ಇವರು ಅಡುಗೆಮನೆಯ ಟಾರ್ಚ್ ಬಿಚ್ಚಿ, ಅದರ ದಪ್ಪ ಸೆಲ್ಲುಗಳನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದರು.

“ರೀ, ಸಾಯಂಕಾಲ ಕರೆಂಟ್ ಹೋದ್ರೆ ಏನ್ ಗತಿ?” ಎಂದೆ.

“ಒಂದಿನ ಕತ್ತಲಲ್ಲಿ ಕೂತ್ಕೊಳ್ಳೋಣ ಬಿಡೆ. ದೊರೆ ಮಾತಾಡ್ಬೇಡ್ವಾ?”